ಮನೋಜ್ ಇಲ್ಲದ ಮಷೀನು

ಪೀಂ... ಪೀಂ... ಪೀಂ. ಮೊದಲು ಒಂದು ಮೂಲೆಯಿಂದ, ಆಮೇಲೆ ಅದರ ಪಕ್ಕದ ಮೇಜಿನ ಕೆಳಗಿನಿಂದ, ನೋಡನೋಡುತ್ತ ಇಡೀ ಹಾಲಿನಿಂದ. ನೋಯ್ಡಾದ ಆ ಮೂರನೇ ಮಹಡಿಯಲ್ಲಿ ಕರೆಂಟು ಹೋದಾಗಲೆಲ್ಲ ಮೇಜುಗಳ ಅಡಿಯ ಯುಪಿಎಸ್ ಡಬ್ಬಿಗಳು ಹೀಗೆ ಹಸಿದ ಕೋಳಿಮರಿಗಳಂತೆ ಕೂಗಿಕೊಳ್ಳುತ್ತಿದ್ದವು. ಯಾರೋ ಒಬ್ಬರು "ಸೇವ್ ಕರ್ ಲೋ, ಸೇವ್ ಕರ್ ಲೋ!" ಎಂದು ಎದ್ದು ನಿಲ್ಲುತ್ತಿದ್ದರು. ಕೆಳಗೆ ಕಾಂಪೌಂಡಿನಲ್ಲಿ ಜನರೇಟರು ಗಂಟಲು ಸರಿಮಾಡಿಕೊಂಡು ಗುಡುಗತೊಡಗಿದ ಮೇಲೆ ಮರಿಗಳೆಲ್ಲ ಗಪ್‌ಚಿಪ್.

ಮೊನ್ನೆ ನಮ್ಮ ಮಯೂರ್ ವಿಹಾರದ ಸೊಸೈಟಿಯ ಗೇಟಿನ ಹತ್ತಿರ ಗುಜರಿ ಕೊಳ್ಳುವ ಕಬಾಡಿಯವನೊಬ್ಬ ಹಳೇ ಯುಪಿಎಸ್ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದ. ಯಾವ ಬಟನ್ ಒತ್ತಿದನೋ, ಆ ಮುದಿ ಡಬ್ಬಿ ಒಂದೇ ಒಂದು ಸಲ ಪೀಂ ಎಂದಿತು. ನಾನು ಹೀರೇಕಾಯಿ ಚೀಲ ಹಿಡಿದುಕೊಂಡು ನಿಂತಲ್ಲೇ ನಿಂತುಬಿಟ್ಟೆ. "ಮಾತಾಜಿ, ಆಪ್ಕಾ ಹೈ ಕ್ಯಾ?" ಎಂದ. "ನಹೀ ಭಯ್ಯಾ" ಎಂದೆ. ತನ್ನದಲ್ಲದಿದ್ದರೆ ಹೀಗೇಕೆ ನೋಡುತ್ತಾಳೆ ಈ ಮುದುಕಿ ಎಂದುಕೊಂಡಿರಬೇಕು.

ನಾನು ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸ ಮಾಡಿದವಳು ಎಂದರೆ ಈಗಲೂ ನಮ್ಮ ಕಿಟ್ಟಿ ಪಾರ್ಟಿಯ ಹೆಂಗಸರು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ, ನನಗೇ ಅರ್ಧ ನಂಬಿಕೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಡೆಲ್ಲಿಗೆ ಬಂದು, ಇಲ್ಲಿನ ಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ನನ್ನ ಹಳೇ ಸ್ಟೂಡೆಂಟ್ ಒಬ್ಬಳು ನೋಯ್ಡಾದ ಸಣ್ಣ ಕಂಪೆನಿಯೊಂದರಲ್ಲಿ ಎಚ್‌ಆರ್ ಆಗಿದ್ದಳು. "ಮ್ಯಾಮ್, ನಮ್ಮ ಎಂಜಿನಿಯರುಗಳು ಬರೆಯುವ ಮ್ಯಾನ್ಯುಯಲ್ ಅವರಿಗೇ ಅರ್ಥವಾಗೋದಿಲ್ಲ, ನೀವು ಬಂದು ಸೆಂಟೆನ್ಸ್ ಸರಿ ಮಾಡಿಕೊಡಿ" ಎಂದಳು. ಎರಡು ಸಾವಿರದ ಆ ದಶಕ ಮುಗಿಯುತ್ತ ಬಂದಿದ್ದ ಕಾಲ. ಮನೆಯಲ್ಲಿ ಕೂತು ನಮ್ಮವರ ಜೊತೆ ಕ್ರಾಸ್‌ವರ್ಡಿಗಾಗಿ ಜಗಳವಾಡುವುದಕ್ಕಿಂತ ಇದೇ ಮೇಲು ಎಂದು, ಕಾಟನ್ ಸೀರೆಗೆ ಗಂಜಿ ಹಾಕಿಸಿ, ಆಟೋ ಹತ್ತಿ ಹೊರಟೆ.

ಅಲ್ಲಿ ನನ್ನ ಮೇಜು ಕಿಟಕಿ ಪಕ್ಕ. ಪಾರ್ಟಿಷನ್ನಿನ ಆಚೆ ಯಾರಿದ್ದಾರೆಂದು ಮೊದಲ ವಾರ ಗೊತ್ತೇ ಇರಲಿಲ್ಲ. ಒಂದು ಬೆಳಿಗ್ಗೆ ಆ ಕಡೆಯಿಂದ ದನಿ ಕೇಳಿತು:

"ಏನ್ ಧಾಡಿ ಬಂದದ ನಿನಗ? ನಿನ್ನಿ ಛಂದ ಇದ್ದೀ ಅಲ್ಲ!"

ಡೆಲ್ಲಿಯಲ್ಲಿ ನಲವತ್ತರ ಹತ್ತಿರ ಹತ್ತಿರ ವರ್ಷ ಕಳೆದ ಕಿವಿಗೆ ಧಾರವಾಡದ ಈ ಬೈಗುಳ ಬಿದ್ದರೆ ಏನಾಗಬೇಕು? ನಾನು ಕುರ್ಚಿ ಮೇಲೆ ಮೊಣಕಾಲೂರಿ, ವಯಸ್ಸಿನ ಡಿಗ್ನಿಟಿ ಎಲ್ಲ ಮರೆತು, ಪಾರ್ಟಿಷನ್ ಮೇಲಿಂದ ಇಣುಕಿದೆ. ತೆಳ್ಳಗಿನ ಹುಡುಗಿ, ಸಾಸಿವೆ ಹೂವಿನ ಬಣ್ಣದ ದುಪಟ್ಟಾ, ಕಂಪ್ಯೂಟರಿನ ಪರದೆಯನ್ನು ಹಟಮಾರಿ ಮಗುವನ್ನು ನೋಡಿದಂತೆ ನೋಡುತ್ತಿದ್ದಳು.

"ಯಾರಿಗಮ್ಮಾ ಧಾಡಿ?" ಎಂದೆ.

ಅವಳು ಬೆಚ್ಚಿ ತಲೆಯೆತ್ತಿ, "ಅಯ್ಯೋ ಆಂಟಿ, ನೀವು ನಮ್ಮವರೇನ್ರೀ!" ಎಂದಳು. ಆಕೆಯೇ ವಹೀದಾ. ನಮ್ಮ ಸೊಸೈಟಿಯ ಹಿಂದಿನ ಬೀದಿಯ ಪೇಯಿಂಗ್ ಗೆಸ್ಟ್ ಮನೆಯಲ್ಲೇ ಇದ್ದಳು. ಮರುದಿನದಿಂದ ನಾವಿಬ್ಬರೂ ಒಂದೇ ಆಟೋ. ಅವಳ ಡಬ್ಬಿಗೆ ನನ್ನ ಚಿತ್ರಾನ್ನ, ನನ್ನ ಕಿವಿಗೆ ಅವಳ ಜಾವಾ.

ಅವಳ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಹೆದರಬೇಡಿ, ನನಗೆ ಗೊತ್ತಿರುವುದೇ ಅಷ್ಟು. ಜಾವಾ ಎಂಬ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವವರಿಗೆ ಎಕ್ಲಿಪ್ಸ್ ಎಂಬ ಒಂದು ಅಡುಗೆಕಟ್ಟೆ ಇತ್ತು. ಗ್ರಹಣದ ದಿನ ಒಲೆಯನ್ನೇ ಹಚ್ಚದ ನನ್ನ ತಾಯಿ ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ! ಕಟ್ಟೆ ಇದ್ದರೆ ಸಾಲದು, ಸಾಮಾನು ಬೇಕು. ಪ್ರತಿಯೊಂದು ಅಡುಗೆಗೂ ಬೇರೆಯವರು ಮೊದಲೇ ಮಾಡಿಟ್ಟ ನೂರಾರು ಸಣ್ಣ ಸಣ್ಣ ಪೊಟ್ಟಣಗಳು ಬೇಕು. ಆ ಪೊಟ್ಟಣಗಳನ್ನು ಹೆಸರು ಹಿಡಿದು, ಇದೇ ವರ್ಷನ್ ಬೇಕು ಎಂದು ಕೇಳಿ ತರಿಸಿ, ಎಲ್ಲ ಕೂಡಿಸಿ ಬೇಯಿಸಿಕೊಡುವ ಯಂತ್ರದ ಹೆಸರು ಮೇವನ್, ಹಾಗೆ ಬೇಯಿಸುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಮೇವನ್ನನ್ನು ಎಕ್ಲಿಪ್ಸಿಗೆ ಜೋಡಿಸುವ ಕೊಂಡಿಯೇ ಪ್ಲಗಿನ್. ಆ ಕೊಂಡಿಯನ್ನು ಹಾಕುವುದು, ಹಾಕಿದ್ದು ಕಚ್ಚಿಕೊಳ್ಳದಿದ್ದರೆ ಯಾಕೆಂದು ಹುಡುಕುವುದು ವಹೀದಾಳ ಪಾಡು.

ಆದರೆ ನಮ್ಮ ಆಫೀಸಿನಲ್ಲಿ ಯಾರೂ ಪ್ಲಗಿನ್ನನ್ನು ಹಾಕಿಕೊಳ್ಳುತ್ತಲೇ ಇರಲಿಲ್ಲ. ಇಂಟರ್ನೆಟ್ ಆಮೆ. ಹೊಸಬರು ಸೇರಿದ ದಿನ ಪಕ್ಕದ ಮೇಜಿನವರು ಪೆನ್ ಡ್ರೈವ್ ತೆಗೆದು, "ಯಾರ್, ಮೇರಾ ಫೋಲ್ಡರ್ ಲೇ ಲೇ" ಎಂದು ತಮ್ಮ ಎಕ್ಲಿಪ್ಸನ್ನು ಪ್ಲಗಿನ್ ಸಮೇತ, ಪೊಟ್ಟಣಗಳ ಸಮೇತ ಎತ್ತಿ ಕೊಟ್ಟುಬಿಡುತ್ತಿದ್ದರು. ನಮ್ಮ ಎದುರುಮನೆ ಪಂಜಾಬಿ ಹೆಂಗಸು ಸಣ್ಣ ಲೋಟ ಹಿಡಿದು ಬಂದು "ಆಂಟೀಜಿ, ಥೋಡಾ ಜಾಮನ್" ಎಂದು ಹೆಪ್ಪಿಗೆ ಮೊಸರು ಕೇಳುತ್ತಾಳಲ್ಲ, ಹಾಗೆ. ಆ ಮೊಸರು ಯಾರ ಮನೆಯಿಂದ ಮೊದಲು ಬಂತು ಎಂದು ಯಾರಿಗೆ ಗೊತ್ತು? ಇಲ್ಲಿ ಮಾತ್ರ ಗೊತ್ತಿತ್ತು. ಮನೋಜನಿಂದ.

ಮನೋಜ್ ಯಾರು? ಯಾರೂ ಅವನನ್ನು ಕಂಡಿರಲಿಲ್ಲ. ಕಂಪೆನಿ ಶುರುವಾದಾಗ ಇದ್ದವನಂತೆ, ಎಲ್ಲಕ್ಕಿಂತ ಮೊದಲು ಈ ಕಟ್ಟೆ ಕಟ್ಟಿದವನಂತೆ, ಬಿಟ್ಟು ಹೋದನಂತೆ. ಕೆಲವರು ಸಿಂಗಪುರ ಎನ್ನುತ್ತಿದ್ದರು, ಕೆಲವರು ಘಾಜಿಯಾಬಾದ್. ಆದರೆ ಅವನ ಹೆಸರಿನ ಫೋಲ್ಡರಿನ ವಿಳಾಸ ಆ ನಕಲುಗಳೊಳಗೆ ಎಲ್ಲೆಲ್ಲೋ ಬರೆದುಕೊಂಡು ಕೂತಿತ್ತು. ಹಾಗಾಗಿ ಹೊಸದಾಗಿ ಬಂದವರು ಮೊಟ್ಟಮೊದಲು ತಮ್ಮ ಮಷೀನಿನಲ್ಲಿ ಮನೋಜ್ ಎಂಬ ಫೋಲ್ಡರು ಮಾಡಬೇಕು. ಇಲ್ಲದಿದ್ದರೆ ಏನೂ ನಡೆಯದು. ಸುಧಾ ಶರ್ಮಾಳ ಮಷೀನಿನಲ್ಲೂ ಮನೋಜ್, ಇಕ್ಬಾಲನ ಮಷೀನಿನಲ್ಲೂ ಮನೋಜ್. ಯಾವ ಮನೆದೇವರಿಗೂ ಇಷ್ಟು ನಿಷ್ಠೆಯ ಭಕ್ತರಿರಲಿಕ್ಕಿಲ್ಲ.

"ಒಬ್ಬರ ಮಷೀನ್‌ನಾಗ ನಡಿತದ, ಇನ್ನೊಬ್ಬರದ್ರಾಗ ನಡಿಯಂಗಿಲ್ಲ. ಯಾಕ ಅಂತ ಕೇಳಿದ್ರ, ಮನೋಜ್ ಕಾಪಿ ಸರಿ ಆಗಿಲ್ಲ ಅಂತಾರ" ಎಂದು ವಹೀದಾ ಆಟೋದಲ್ಲಿ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಬರೀ ಹೊಲಿಗಿ ಮ್ಯಾಲ ಹೊಲಿಗಿ ಆಂಟಿ. ಬಟ್ಟಿನ ಉಳಿದಿಲ್ಲ."

ಅವಳು ಆಫೀಸಿನ ಒಳಗೇ ಒಂದು ಸ್ಟೋರ್ ಮಾಡಿದ್ದಳು. ಪೊಟ್ಟಣಗಳೆಲ್ಲ ಒಂದೇ ಕಡೆ. ಯಾರೇ ಆಗಲಿ ಶುದ್ಧವಾಗಿ ಪ್ಲಗಿನ್ ಹಾಕಿಕೊಂಡು ಅಲ್ಲಿಂದ ತರಿಸಿಕೊಂಡರೆ ಎಲ್ಲರ ಅಡುಗೆಯೂ ಒಂದೇ ರುಚಿ. ಎಷ್ಟು ಚೆಂದದ ಐಡಿಯಾ! ಆದರೆ ಹುಡುಗರಿಗೆ ಬೇಡವಾಗಿತ್ತು. ಮೆನು ಹುಡುಕಬೇಕು, ವಿಳಾಸ ಟೈಪ್ ಮಾಡಬೇಕು, ಕಾಯಬೇಕು. ಮನೋಜ್ ಎಂದರೆ ಬರೀ ಕಾಪಿ, ಪೇಸ್ಟ್.

ಕೊನೆಗೆ ಅವರೆಲ್ಲ ದೂರು ಹೇಳಲು ಮ್ಯಾನೇಜರ್ ಭಾಟಿಯಾ ಅವರ ಹತ್ತಿರ ಹೋದರು. ಭಾಟಿಯಾ ಕೆಟ್ಟವರಲ್ಲ, ಬೇಗ ಬೇಸರವಾಗುವವರು. "ದೇಖೋ ವಹೀದಾ, ಶುಕ್ರವಾರ ಬೆಳಿಗ್ಗೆ ಒಂದು ಖಾಲಿ ಮಷೀನ್ ಇಡಿಸ್ತೀನಿ. ಪ್ಲಗಿನ್ ಹಾಕುವ ಕ್ರಮ ಬರೆದ ಕಾಗದ ನೋಡಿಕೊಂಡು ಯಾರಾದರೂ ಮಾಡಿ ತೋರಿಸಿದರೆ ನಿನ್ನ ಪದ್ಧತಿ. ಇಲ್ಲವಾದರೆ ಹಳೇ ಪದ್ಧತಿ, ನಿನಗೆ ಬಿಲ್ಡ್ ಕೆಲಸ ಇರೋಲ್ಲ. ಸಪೋರ್ಟ್ ಟೀಮಿನಲ್ಲಿ ಜಾಗ ಇದೆ, ನೈಟ್ ಶಿಫ್ಟ್" ಎಂದರು.

"ಯಾರಾದರೂ ಎಂದರೆ ಯಾರು ಸರ್?" ಎಂದಳು ವಹೀದಾ.

ಭಾಟಿಯಾ ಸುತ್ತ ಕಣ್ಣಾಡಿಸಿದರು. ಅವರ ನೋಟ ನನ್ನ ಮೇಲೆ ಬಂದು ನಿಂತಾಗ ಹುಡುಗರೆಲ್ಲ ನಕ್ಕರು. "ಆಂಟೀಜಿ! ಇವರು ಮಾಡಿದರೆ ಯಾರು ಬೇಕಾದರೂ ಮಾಡಬಹುದು." ಕಾಂಪ್ಲಿಮೆಂಟ್ ಎಂದುಕೊಂಡೇ ಸ್ವೀಕರಿಸಿದೆ.

ಆ ದಿನ ಆಟೋದಲ್ಲಿ ವಹೀದಾ ಮೂಲೆಗೆ ಸರಿದು ಕೂತಳು. ಯಮುನೆಯ ಕಡೆಯಿಂದ ಬರುವ ಧೂಳಿಗೆ ದುಪಟ್ಟಾ ಮುಖಕ್ಕೆ ಒತ್ತಿಕೊಂಡಿದ್ದಳು. ಧೂಳಿಗೋ ಕಣ್ಣೀರಿಗೋ ನಾನು ಕೇಳಲಿಲ್ಲ. ಮನೆ ಹತ್ತಿರ ಬಂದಾಗ, "ನೈಟ್ ಶಿಫ್ಟ್ ಅಂದ್ರ ಅಬ್ಬಾ ಬಿಡಂಗಿಲ್ರೀ. ಹಗಲ ಕೆಲಸ ಅಂತ ಮಾತ್ ತಗೊಂಡ ಕಳಿಸ್ಯಾರ. ಮತ್ತ ಊರಿಗೆ ಕರ್ಕೊಂಡ ಹೋಗ್ತಾರ, ಅಷ್ಟ" ಎಂದಳು.

ಅಂದಿನಿಂದ ನಮ್ಮ ತಾಲೀಮು ಶುರು. ಊಟದ ಹೊತ್ತಿನಲ್ಲಿ ನನ್ನ ಮಷೀನಿನ ಮುಂದೆ ಅವಳು ಕೈ ಕಟ್ಟಿ ಕೂರುತ್ತಾಳೆ, ನಾನು ಮೌಸ್ ಹಿಡಿದು ಬೆವರುತ್ತೇನೆ. ನನ್ನ ಮಷೀನಿಗೆ ಒಂದು ಹೆಗ್ಗಳಿಕೆ ಇತ್ತು: ಇಡೀ ಫ್ಲೋರಿನಲ್ಲಿ ಮನೋಜ್ ಕಾಲಿಡದಿದ್ದ ಮಷೀನು ಅದೊಂದೇ. ಹೆಲ್ಪ್ ಎಂಬ ಮೆನು, ಅದರಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ಸ್, ಅಲ್ಲಿ ಸೈಟಿನ ವಿಳಾಸ, ಟಿಕ್, ನೆಕ್ಸ್ಟ್, ನೆಕ್ಸ್ಟ್, ಲೈಸೆನ್ಸ್ ಒಪ್ಪಿಗೆ, ಫಿನಿಶ್. "ಲೈಸೆನ್ಸನ್ನು ಓದಬೇಡವೇ?" ಎಂದರೆ ಅವಳು, "ಮದುವಿ ಕಾರ್ಡ್ ಇದ್ದಂಗ ಆಂಟಿ, ಯಾರೂ ಪೂರಾ ಓದಂಗಿಲ್ಲ" ಎನ್ನುತ್ತಿದ್ದಳು. ನಾನು ಓದಿದೆ. ಕಾಮಾಗಳು ಸರಿಯಾಗಿದ್ದವು.

ಫಿನಿಶ್ ಆದ ಮೇಲೆ ಕಟ್ಟೆಯನ್ನು ಮುಚ್ಚಿ ತೆರೆಯಬೇಕು. ತೆರೆದ ಕೂಡಲೇ ಒಂದು ಎಚ್ಚರಿಕೆ ಎದುರಾಗುತ್ತಿತ್ತು: ಎಕ್ಲಿಪ್ಸ್ ಓಡುತ್ತಿರುವುದು ಬರೀ ಜೆಆರ್‌ಇ ಮೇಲೆ, ನಿಮಗೆ ಜೆಡಿಕೆ ಬೇಕು ಎಂದು. ಮೊದಲನೆಯದು ಜಾವಾವನ್ನು ಓಡಿಸಲಷ್ಟೇ ಬಲ್ಲದು, ಎರಡನೆಯದರಲ್ಲಿ ಅದನ್ನು ಮಾಡುವ ಹತಾರುಗಳೂ ಇರುತ್ತವೆ. ಅದಕ್ಕೆ ಒಂದು ಸಣ್ಣ ಫೈಲು ತೆರೆದು, ಒಂದು ಸಾಲಿನಲ್ಲಿ ಹೈಫನ್ ವಿಎಂ ಎಂದೂ, ಅದರ ಕೆಳಗಿನ ಸಾಲಿನಲ್ಲಿ ಜೆಡಿಕೆ ಇರುವ ವಿಳಾಸವನ್ನೂ ಬರೆಯಬೇಕು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಆ ದೊಡ್ಡಸ್ತಿಕೆಯ ಯಂತ್ರ ಗುರುತೇ ಹಿಡಿಯುವುದಿಲ್ಲ. ಇಷ್ಟು ಸ್ಟ್ರಿಕ್ಟ್ ಪಂಕ್ಚುಯೇಷನ್ ಇಟ್ಟುಕೊಂಡವರು ಜಗತ್ತಿನಲ್ಲಿ ಇನ್ನೂ ಇದ್ದಾರಲ್ಲ ಎಂದು ನನಗೆ ಒಳಗೊಳಗೇ ಖುಷಿ.

ತಪ್ಪಾದಾಗ ಪರದೆ ತುಂಬ ಕೆಂಪು ಅಕ್ಷರ. ನಾನು ಮೊದಲ ಸಾಲಿನಿಂದ ಶ್ರದ್ಧೆಯಾಗಿ ಓದಲು ಹೊರಟರೆ ವಹೀದಾ ತಡೆದಳು.

"ನಮ್ಮ ಅಜ್ಜಿ ಉರ್ದು ಬಲದಿಂದ ಓದ್ತಿದ್ಲು, ನೀವು ಎಡದಿಂದ ಓದ್ತೀರಿ. ಇದನ್ನ ಕೆಳಗಿಂದ ಓದ್ಬೇಕ್ರೀ. ಮ್ಯಾಲಿಂದೆಲ್ಲ ಬರೇ ಅಳೂದು. ಯಾಕ ಅಳಾಕತ್ತದ ಅಂತ ಕೆಳಗ ಹೇಳಿರ್ತದ."

ಎಂಥ ಮಾತು! ನನಗೆ ಸಿಸ್ಟರ್ ಬೆನೆಡಿಕ್ಟಾ ನೆನಪಾದರು. ನೀಡಲ್‌ವರ್ಕ್ ಕ್ಲಾಸಿನಲ್ಲಿ ನಾವು ಗುಲಾಬಿ ಹೂ ಕಸೂತಿ ಮಾಡಿ ಹೆಮ್ಮೆಯಿಂದ ಎತ್ತಿ ಹಿಡಿದರೆ, ಆಕೆ ಅದನ್ನು ನೋಡುತ್ತಲೇ ಇರಲಿಲ್ಲ. "ಶೋ ಮಿ ದ ರಾಂಗ್ ಸೈಡ್, ಗರ್ಲ್ಸ್" ಎಂದು ಬಟ್ಟೆಯನ್ನು ತಿರುವುತ್ತಿದ್ದರು. ನನ್ನ ಗುಲಾಬಿಯ ಬೆನ್ನಿಗೆ ಯಾವಾಗಲೂ ಹಕ್ಕಿಗೂಡು. ಮುಂದೆ ಕಾಣುವುದರ ಹಿಂದೆ ದಾರ ಎಲ್ಲಿ ಸಿಕ್ಕಾಗಿದೆ ಎಂದು ನೋಡುವ ಕಣ್ಣು ಕೆಲವರಿಗೆ ಮಾತ್ರ ಇರುತ್ತದೆ. ಸಿಸ್ಟರ್‌ಗೆ ಇತ್ತು. ಇಷ್ಟು ವರ್ಷಗಳ ಮೇಲೆ ಸಾಸಿವೆ ದುಪಟ್ಟಾದ ಈ ಹುಡುಗಿಯಲ್ಲಿ ನೋಡಿದೆ. ಆಕೆ ಮಾತ್ರ ಹಕ್ಕಿಗೂಡಿಗೆ ಬೈಯುತ್ತಿರಲಿಲ್ಲ. ಒಂದೊಂದೇ ದಾರವನ್ನು "ಬಾ, ಬಾ" ಎಂದು ಕರೆದು ಬಿಡಿಸುತ್ತಿದ್ದಳು.

ಗುರುವಾರ ಅವಳ ತಂದೆ ಬಂದಿಳಿದರು. ಶಿಫ್ಟಿನ ಸುದ್ದಿ ಅವಳ ಅಕ್ಕನ ಬಾಯಿಂದ ಹೇಗೋ ಧಾರವಾಡ ಮುಟ್ಟಿತ್ತು. ಪೇಯಿಂಗ್ ಗೆಸ್ಟ್ ಮನೆಯಲ್ಲಿ ಗಂಡಸರಿಗೆ ಪ್ರವೇಶವಿಲ್ಲವಾದ್ದರಿಂದ ನಮ್ಮಲ್ಲೇ ಉಳಿಸಿಕೊಂಡೆವು. ಖಾಸೀಂ ಸಾಹೇಬರು; ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬಾ, ಮೆತ್ತಗಿನ ಮಾತು. ಮದುವೆ ಮುಂಜಿಗಳಿಗೆ ಪೆಂಡಾಲು, ಖುರ್ಚಿ, ಭಾಂಡೆ ಬಾಡಿಗೆಗೆ ಕೊಡುವ ವ್ಯಾಪಾರ.

"ನಾಳೆ ಮಧ್ಯಾಹ್ನದ ಗಾಡಿಗೆ ಕರ್ಕೊಂಡ ಹೋಗ್ತೀನ್ರಿ ಬಾಯಾರ" ಎಂದರು ನನಗೆ. "ಆಕಿ ಮ್ಯಾಲ ಸಿಟ್ಟಿಲ್ಲ. ರಾತ್ರಿ ಪಾಳಿ ಮಾತ್ರ ಬ್ಯಾಡ. ಆಕೀ ತಾಯಿಗೆ ನಿದ್ದಿ ಹತ್ತಂಗಿಲ್ಲ."

ನಮ್ಮವರು ಕಾಫಿ ಕೊಡುತ್ತ, "ನಾಳೆ ಬೆಳಿಗ್ಗೆ ಪರೀಕ್ಷೆ ಇದೆ ಸಾಹೇಬರೇ, ಗೆದ್ದರೆ ಹಗಲು ಕೆಲಸವೇ" ಎಂದರು.

"ಪರೀಕ್ಷಾ ಯಾರು ಬರೀತಾರ?"

ನಮ್ಮವರು ನನ್ನ ಕಡೆ ಕೈ ತೋರಿಸಿದರು. ಖಾಸೀಂ ಸಾಹೇಬರು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. ಸಭ್ಯರು, ತಲೆದೂಗಿದರು. ಮಗಳ ಪೆಟ್ಟಿಗೆಯನ್ನು ಮಾತ್ರ ಕಟ್ಟಿಸಿ ತರಿಸಿ ನಮ್ಮ ಹಾಲಿನಲ್ಲಿ ಇಡಿಸಿದರು.

ಊಟವಾದ ಮೇಲೆ ಕೇಳಿದರು, "ನಮ್ಮ ಹುಡುಗಿ ಮಾಡೂ ಕೆಲಸ ಖರೇ ಏನ್ರೀ? ಫೋನ್‌ನಾಗ ಹೇಳ್ತಾಳ, ನನಗ ಒಂದೂ ತಿಳಿಯಂಗಿಲ್ಲ."

ನಾನು ಹೆಪ್ಪಿನ, ಅಡುಗೆಕಟ್ಟೆಯ ಹೋಲಿಕೆಗಳನ್ನು ಬಿಟ್ಟೆ. "ನೋಡಿ, ಒಂದು ಓಣಿಯಲ್ಲಿ ಮದುವೆ ಬಂದರೆ ಎಲ್ಲರೂ ಪಕ್ಕದ ಮನೆಯಿಂದ ಪಾತ್ರೆ ತರುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬರ ಮುಚ್ಚಳ ಇನ್ನೊಬ್ಬರ ಹಂಡೆಗೆ ಕೂರುವುದಿಲ್ಲ..."

ಅವರು ತಟ್ಟನೆ ನೆಟ್ಟಗೆ ಕೂತರು. "ಅಂದ್ರ ಈಕಿ ಗೋಡೌನ್ ಇಟ್ಟಾಳ! ಏನ್ ಬೇಕ ಅಂತ ಹೇಳಿ ಕಳಿಸಿದ್ರ, ಒಂದ ಸೈಜಿನ ಮಾಲು ಅಲ್ಲಿಂದ ಬರ್ತದ!"

"ಅದೇ."

"ಮತ್ತ ಅದನ್ನ ಜನ ಬ್ಯಾಡ ಅಂತಾರ? ಬುದ್ಧಿ ಇಲ್ಲೇನ್ರಿ ಅವರಿಗೆ?" ಎಂದು ಮಗಳ ಪರವಾಗಿ ಸಿಟ್ಟಾದರು. ಆಮೇಲೆ ಪೆಟ್ಟಿಗೆಯ ಕಡೆ ನೋಡಿ, ಸಣ್ಣಗೆ, "ಆದ್ರ ರಾತ್ರಿ ಪಾಳಿ ಬ್ಯಾಡ" ಎಂದರು.

ಶುಕ್ರವಾರ. ಕಾನ್ಫರೆನ್ಸ್ ರೂಮಿನಲ್ಲಿ ಮಷೀನು. ಗಾಜಿನ ಗೋಡೆಯ ಆಚೆ ವಹೀದಾ. ಬಾಯಿ ಬಿಡಬಾರದೆಂದು ಕಟ್ಟಪ್ಪಣೆ. ಹುಡುಗರೆಲ್ಲ ಚಹಾ ಕಪ್ಪು ಹಿಡಿದು ಮ್ಯಾಚ್ ನೋಡುವವರಂತೆ ನಿಂತಿದ್ದಾರೆ. ನಾನು ಕನ್ನಡಕ ಒರೆಸಿಕೊಂಡು ನಾವೇ ಬರೆದ ಕಾಗದವನ್ನು ಮುಂದಿಟ್ಟುಕೊಂಡೆ. ಹೆಲ್ಪ್, ಅಪ್‌ಡೇಟ್ಸ್, ವಿಳಾಸ, ನೆಕ್ಸ್ಟ್, ನೆಕ್ಸ್ಟ್. ವಿಎಂ ಒಂದು ಸಾಲು, ವಿಳಾಸ ಇನ್ನೊಂದು ಸಾಲು. ಮುಚ್ಚಿದೆ, ತೆರೆದೆ. ಪ್ರಾಜೆಕ್ಟ್ ಓಡಿಸಿದೆ.

ಕೆಂಪು. ಪರದೆ ತುಂಬ ಕೆಂಪು.

"ಚಲೋ, ಹೋ ಗಯಾ" ಎಂದು ಭಾಟಿಯಾ ಕುರ್ಚಿ ಹಿಂದಕ್ಕೆ ತಳ್ಳಿದರು. ಗಾಜಿನಾಚೆ ವಹೀದಾಳ ಮುಖ ಬಿಳುಚಿತು. ನಾನು ಮೌಸಿನ ಗಾಲಿ ತಿರುಗಿಸಿ ಕೆಳಕ್ಕೆ ಹೋದೆ. ಅಳುವನ್ನೆಲ್ಲ ದಾಟಿ ತಳ ಮುಟ್ಟಿದೆ. ಕೊನೆಯ ಕೆಂಪು ಸಾಲಿನಲ್ಲಿ ಒಂದು ಫೋಲ್ಡರಿನ ವಿಳಾಸ, ಅದರ ನಡುವೆ ಆರಾಮಾಗಿ ಕೂತಿದ್ದ ಒಂದು ಹೆಸರು.

"ಭಾಟಿಯಾಜಿ, ಈ ಮಷೀನ್ ಖಾಲಿ ಅಂದಿದ್ದಿರಿ. ಇದರಲ್ಲಿ ಮನೋಜ್ ಇದ್ದಾನಲ್ಲ!" ಎಂದೆ, ಕ್ಲಾಸಿನ ಹಿಂದಿನ ಬೆಂಚಿನ ಹುಡುಗನನ್ನು ಹಿಡಿದ ದನಿಯಲ್ಲಿ.

ಎಲ್ಲರೂ ಮಷೀನು ಜೋಡಿಸಿದ ನೇಗಿಯವರ ಕಡೆ ತಿರುಗಿದರು. ಗಢವಾಲಿನ ಆ ಹಿರಿಯರಿಗೆ ನನ್ನ ಮೇಲೆ ಬಹಳ ಗೌರವ. ನಾಚಿಕೆಯಿಂದ ಕಿವಿ ಕೆಂಪಾಗಿ, "ಸರ್, ಮೇಡಂ ಬುಜುರ್ಗ್ ಹೈ, ತಕ್ಲೀಫ್ ನ ಹೋ, ಇಸ್ಲಿಯೇ ಮೈನೇ ಪಹಲೇ ಸೇ ಸಬ್ ಕಾಪಿ ಕರ್ ದಿಯಾ ಥಾ" ಎಂದರು. ಮುದುಕಿಗೆ ತೊಂದರೆಯಾಗದಿರಲಿ ಎಂದು ಹಿಂದಿನ ದಿನವೇ ಯಾರದೋ ಫೋಲ್ಡರನ್ನು ಎತ್ತಿ ಸುರಿದಿದ್ದಾರೆ! ಹಳೇ ಪ್ಲಗಿನ್, ಹಳೇ ಪೊಟ್ಟಣ, ಹಳೇ ವಿಳಾಸ ಎಲ್ಲ ಒಳಗೆ ಕೂತು ಹೊಸದರ ಕಾಲು ಎಳೆಯುತ್ತಿತ್ತು. ಇಂಥ ಪ್ರೀತಿಯ ಮೇಲೆ ಹೇಗೆ ಸಿಟ್ಟು ಮಾಡಿಕೊಳ್ಳುತ್ತೀರಿ?

ಭಾಟಿಯಾ ಮೊದಲು ನೇಗಿಯವರನ್ನು, ಆಮೇಲೆ ಪರದೆಯನ್ನು ನೋಡಿ, ಜೋರಾಗಿ ನಕ್ಕುಬಿಟ್ಟರು. "ನಿಕಾಲೋ ಮನೋಜ್ ಕೋ. ಆಂಟೀಜಿ, ಮತ್ತೆ ಮೊದಲಿಂದ. ಲಂಚ್‌ವರೆಗೆ ಟೈಮ್."

ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆ. ವಹೀದಾಳ ಸ್ಟೋರಿನಿಂದ ಪೊಟ್ಟಣಗಳು ಒಂದೊಂದಾಗಿ ಇಳಿದು ಬರುವ ಸಾಲುಗಳು ಪರದೆಯ ಮೇಲೆ ಓಡುತ್ತಿದ್ದವು. ಮದುವೆ ಮನೆಗೆ ಲಾರಿಯಿಂದ ಸಾಮಾನು ಇಳಿಸಿದಂತೆ. ನಿಂತಿತು. ಮತ್ತೆ ಓಡಿತು. ಆಮೇಲೆ ಎರಡು ಗೆರೆಗಳ ನಡುವೆ, ಯಾವ ಆಡಂಬರವೂ ಇಲ್ಲದೆ: ಬಿಲ್ಡ್ ಸಕ್ಸೆಸ್‌ಫುಲ್.

ಹುಡುಗರು ಚಪ್ಪಾಳೆ ತಟ್ಟಿದ್ದು ನನಗೆ. ನಾನು ಗಾಜಿನ ಕಡೆ ತಿರುಗಿ ಚಪ್ಪಾಳೆ ತಟ್ಟಿದೆ. ಅವಳು ಹಣೆಯನ್ನು ಗಾಜಿಗೆ ಒತ್ತಿ ನಿಂತಿದ್ದಳು; ಉಸಿರಿಗೆ ಗಾಜು ಮಂಜಾಗಿ ಮುಖ ಸರಿಯಾಗಿ ಕಾಣಲಿಲ್ಲ.

ಭಾಟಿಯಾ ಮನಸ್ಸು ಬದಲಾದರೆ ಅದೂ ಬೇಗವೇ. ಅವತ್ತು ಮಧ್ಯಾಹ್ನವೇ ಅವಳನ್ನು ಮೇಜಿನಿಂದ ಮೇಜಿಗೆ ಕಳಿಸಿ ಎಲ್ಲ ಮಷೀನುಗಳಿಗೂ ಹೊಸ ಪ್ಲಗಿನ್ ಹಾಕಿಸತೊಡಗಿದರು. ಗಾಡಿಯ ಹೊತ್ತಾಗುತ್ತಿತ್ತು. ಅವಳು ಸುಧಾ ಶರ್ಮಾಳ ಮೇಜಿನಿಂದಲೇ ನಮ್ಮ ಮನೆಗೆ ಫೋನ್ ಮಾಡಿ ತಂದೆಯ ಜೊತೆ ಮಾತಾಡಿದಳು. ಏನು ಹೇಳಿದಳೋ, ಆ ಕಡೆಯಿಂದ ಏನು ಬಂತೋ, "ಹಾಂ ಅಬ್ಬಾ... ಹಾಂ" ಎಂಬುದಷ್ಟೇ ಕೇಳಿತು. ಫೋನಿಟ್ಟು, "ಆಂಟಿ, ಸ್ಟೇಷನ್ನಿಗೆ ನೀವು ಹೋಗ್ರೀ. ಅಬ್ಬಾಗೆ ಇಲ್ಲಿ ದಾರಿ ತಿಳಿಯಂಗಿಲ್ಲ" ಎಂದಳು, ಕಣ್ಣನ್ನು ಪರದೆಯಿಂದ ತೆಗೆಯದೆ.

ನಾನು ಆಟೋ ಹಿಡಿದು ಮನೆಗೆ ಬಂದಾಗ ಖಾಸೀಂ ಸಾಹೇಬರು ಜುಬ್ಬಾ ತೊಟ್ಟು ಸಿದ್ಧರಾಗಿ ಕೂತಿದ್ದರು. ಹೊರಡುವಾಗ ಕೈಗೆ ತಮ್ಮ ಚೀಲವನ್ನಷ್ಟೇ ತೆಗೆದುಕೊಂಡರು. ನಮ್ಮವರ ಹಳೇ ಫಿಯೆಟ್ಟಿನಲ್ಲಿ ನಿಜಾಮುದ್ದೀನ್ ಸೇರುವವರೆಗೂ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹಗಲ ಕೆಲಸ ಅಂತ ಪಕ್ಕಾ ಆತಲ್ರೀ?"

"ಆಯಿತು. ಮ್ಯಾನೇಜರ್ ಎಲ್ಲರ ಮುಂದೆ ಹೇಳಿದರು."

"ಮತ್ತ ನೀವು ಇಲ್ಲೇ ಇರ್ತೀರಿ."

"ಇಲ್ಲೇ ಇರುತ್ತೇವೆ."

ಅವರು ಕಿಟಕಿಯಾಚೆ ನೋಡುತ್ತ ಗಡ್ಡ ನೀವಿಕೊಂಡರು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅವತ್ತೇ, ಆ ಪ್ಲಾಟ್‌ಫಾರ್ಮಿನ ಮೇಲೆ. ಬೋಗಿಯ ಬಾಗಿಲ ಬಳಿ ಟಿಟಿಇ ಚಾರ್ಟು ಹಿಡಿದು ನಿಂತಿದ್ದ. ಖಾಸೀಂ ಸಾಹೇಬರ ಟಿಕೆಟ್ ನೋಡಿ, ಪೆನ್ನಿನಿಂದ ಒಂದು ಗೀರು ಹಾಕಿ, "ದೂಸ್ರಾ ಪ್ಯಾಸೆಂಜರ್? ವಹೀದಾ?" ಎಂದು ನನ್ನ ಮುಖ ನೋಡಿದ.

ಅವರು ಬೆನ್ನು ನೆಟ್ಟಗೆ ಮಾಡಿ, ಹಿಂದೆ ನಿಂತಿದ್ದವರಿಗೂ ಕೇಳಿಸುವ ಹಾಗೆ, ತಮ್ಮ ಧಾರವಾಡದ ಉರ್ದುವಿನಲ್ಲಿ ಹೇಳಿದರು:

"ಬೇಟಿ ನೈ ಆರೈ ಸಾಬ್. ಉಸ್ಕು ಕಾಮ್ ಹೈ."